ಕಾಕಾನ ಹಲ್ಲು, ಹಿತ್ತಲಿನ ಇರುವೆ

ನಮ್ಮ ಕಾಕಾನಂಥ ಹಲ್ಲು ಹುನಗುಂದ ತಾಲೂಕಿನಲ್ಲೇ ಯಾರಿಗೂ ಇರಲಿಲ್ಲ. ಇದು ನನ್ನ ಮಾತಲ್ಲ, ಕಾಕಾನದೇ! ಅಡಿಕೆ ಒಡೆಯಲು ಅಡಕತ್ತರಿ ಹಿಡಿದವರನ್ನು ಕಂಡರೆ ಅವನಿಗೆ ಕನಿಕರ. ಊಟದ ಮೇಲೊಂದು ಬೆಲ್ಲದ ಹೆಂಟೆಯನ್ನು ಕಟಕ್ಕನೆ ಕಡಿಯದಿದ್ದರೆ ಅವನ ಪಾಲಿಗೆ ಅದು ಊಟವೇ ಅಲ್ಲ.

ಪ್ಲೇಗು ಬಂದುಹೋದ ಮರುವರ್ಷ, ಒಂದು ದಿನ ಬೆಲ್ಲ ಕಡಿದವನೇ ಏನನ್ನೋ ಉಗುಳಿ, ಅಂಗೈಯಲ್ಲಿ ಹಿಡಿದುಕೊಂಡು ಶೆಟ್ಟರ ಅಂಗಡಿಗೆ ನುಗ್ಗಿದ.

“ಬೆಲ್ಲದಾಗ ಕಲ್ಲ ಹಾಕಿ ಮಾರ್ತೀರೇನ್ರಿ ಶೆಟ್ಟರ?”

ಶೆಟ್ಟರು ಅದನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದರು. “ಕಲ್ಲಲ್ರಿ ಇದು, ನಿಮ್ಮ ಹಲ್ಲ!”

ಆಗ ಹೊರಬಿತ್ತು, ತಿಂಗಳುಗಟ್ಟಲೆ ಒಸಡು ಬಾತು ರಕ್ತ ಒಸರುತ್ತಿದ್ದ ಗುಟ್ಟು. ಎತ್ತಿನ ಚಕ್ಕಡಿ ಕಟ್ಟಿಕೊಂಡು ಇಳಕಲ್ಲಿನ ಹಕೀಮರ ಬಳಿ ಕರೆದೊಯ್ದೆ. ಅವರು ತುಟಿ ಎತ್ತಿ ನೋಡಿ ಕೇಳಿದ್ದೇನು? “ಒಂದಕ್ಕ ದಿನಕ್ಕ ಎಷ್ಟ ಸಲ ಹೋಗ್ತೀರಿ?”

ಕಾಕಾ ಕೆಂಡವಾದ. “ಸಾಹೇಬ್ರ, ರೋಗ ಬಾಯಾಗೈತ್ರಿ! ನೀವು ಎಲ್ಲಿಂದ ಸುರು ಮಾಡಾಕತ್ತೀರಿ?”

ಹಕೀಮರು ನಕ್ಕರು. “ನಾ ಕಂಡಂಗ ಇವೆರಡೂ ಬೀಗರಿದ್ದಂಗ್ರಿ, ಒಬ್ರ ಹಿಂದ ಒಬ್ರು ಬರ್ತಾರ. ಸಿಹಿಮೂತ್ರ ಇದ್ರ ಒಸಡು ಕೊಳೀತಾವ, ಒಸಡು ಕೊಳೆತ್ರ ಸಿಹಿಮೂತ್ರ ಮತ್ತೂ ಏರ್ತೈತಿ. ನೀವು ಹೋದ ಜಾಗಾಕ್ಕ ಇರುವಿ ಮುತ್ತತಾವೇನು ನೋಡ್ರಿ. ಮುತ್ತಿದ್ರ ಬೆಲ್ಲ ಬಂದ್. ಇಲ್ಲಂದ್ರ ಹಲ್ಲಷ್ಟ ಅಲ್ಲ, ಜೀವನೂ ಹೋಗ್ತೈತಿ.”

ಮರುದಿನದಿಂದ ಶುರುವಾಯಿತು ತಪಾಸಣೆ! ಸ್ನಾನ ಮುಗಿಸಿ ಹಿತ್ತಲಿಗೆ ಹೋಗಿ ಸೊಂಟ ಬಗ್ಗಿಸಿ ಹುಡುಕುವುದು. ಒದ್ದೆ ನೆಲದ ಮೇಲೆ ಒಂದಾದರೂ ಇರುವೆ ಉಂಟೇ?

“ಎಂಟ ದಿನಾತಲೇ, ಒಂದ ಇರುವಿ ಬರಲಿಲ್ಲ! ಆ ಹಕೀಮಗ ಏನ ಗೊತ್ತೈತಿ?” ಎಂದು ಗೆದ್ದ ಖುಷಿಗೆ ಎರಡು ಹೆಂಟೆ ಬೆಲ್ಲ ತಿಂದ. ಆ ತಿಂಗಳು ಇನ್ನೆರಡು ಹಲ್ಲು ಉದುರಿದವು. ಅದು ವಯಸ್ಸಿನದಂತೆ!

ಅಷ್ಟರಲ್ಲಿ ಕಾಕಾನ ಹೆಂಡತಿ ಕಾಕು ನಾಲ್ಕು ದಿನ ಬಾದಾಮಿಯ ತವರಿಗೆ ಹೋದಳು. ಎರಡನೆಯ ದಿನವೇ ಹಿತ್ತಲಿನಲ್ಲಿ ಇರುವೆಗಳ ದಿಬ್ಬಣ!

“ಇವು ನಮ್ಮ ಇರುವಿ ಅಲ್ಲ, ಇಳಕಲ್ಲಿನವು! ಚಕ್ಕಡ್ಯಾಗ ಕುಂತ ಬಂದಾವು!” ಎಂದ ಕಾಕಾ. ಆದರೂ ಪರೀಕ್ಷೆಗೆಂದು ನನ್ನನ್ನೂ ಪಕ್ಕದಲ್ಲೇ ಒಂದಕ್ಕೆ ಕೂರಿಸಿದ. ಒಂದು ಇರುವೆ ನನ್ನ ಕಡೆ ಬಂತು, ನಿಂತಿತು, ತಿರುಗಿ ಅವನ ಕಡೆಗೇ ನಡೆಯಿತು. ಹೆಣ್ಣು ನೋಡಲು ಹೋದ ಮನೆಗಳಲ್ಲೂ ನನಗೆ ಇಷ್ಟು ಅವಮಾನ ಆಗಿರಲಿಲ್ಲ.

ಕಾಕು ಬಂದಳು. ಕಾಕಾ ಬಾಗಿಲಲ್ಲೇ ತಡೆದು ಕೇಳಿದ: “ನೀ ಇದ್ದಾಗ ಬರದ ಇರುವಿ, ನೀ ಹೋದಕೂಡ್ಲೆ ಹೆಂಗ ಬಂದ್ವು?”

ಕಾಕು ಗಂಟನ್ನೂ ಇಳಿಸದೆ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. “ದಿನಾ ನೀವು ಹೋದ ಜಾಗಾಕ್ಕ ನಾನ ನೀರ ಹೊಡೀತಿದ್ನಿರಿ. ವರ್ಷಾತು. ನಮ್ಮಪ್ಪಗೂ ಹಿಂಗ ಮುತ್ತತಿದ್ವು, ಅಂವಾ ಉಳೀಲಿಲ್ಲ. ನೀವು ಕಂಡ್ರ ಎದಿ ಒಡಕೋತೀರಂತ... ಬೆಲ್ಲ ಬ್ಯಾಡಂದ್ರ ಯಾಕಂತ ಕೇಳ್ತಿದ್ರಿ. ಏನ ಹೇಳ್ಲಿ?” ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ನನಗೆ ದುಃಖ ಉಕ್ಕಿ ಬಂದು ಗೋಡೆಯ ಕಡೆ ತಿರುಗಿದೆ. ಕಾಕಾ ಅವಳ ಪಕ್ಕದಲ್ಲಿ ಕುಳಿತ.

“ನಾಳಿಂದ ನೀರ ಹಾಕಬ್ಯಾಡ. ಬೆಲ್ಲ ಬಿಟ್ಟೇನಿ. ಇರುವಿ ಕಡಿಮಿ ಆಗ್ತಾವೇನು, ಇಬ್ರೂ ಕೂಡೇ ನೋಡೂಣು.”