ಕಣ್ಣಾಗಿ ಎಂದರೆ ಹೃದಯವಾದವರಿಗೆ

ಮೂರನೆಯ ಶಾಖಪೆಟ್ಟಿಗೆಯ ಎರಡನೆಯ ಅಂತಸ್ತಿನಲ್ಲಿ, ಏಳನೆಯ ನಂಬರಿನ ತಟ್ಟೆಯಲ್ಲಿ, ಯಾರ ಹಂಗೂ ಇಲ್ಲದೆ ವಾಸವಾಗಿರುವ ಜೀವಕೋಶ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ದಿನವೂ ಬೆಳಿಗ್ಗೆ ಒಂಬತ್ತೂಕಾಲಿಗೆ ಸರಿಯಾಗಿ ಊಟ ಬಡಿಸುವ ಪ್ರಯೋಗಾಲಯದ ಹಿರಿಯ ಸಹಾಯಕಿಯ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಈಗತಾನೇ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡು ಬಂದೆ. ನನ್ನ ಕ್ಷೇಮವನ್ನು ವಿಚಾರಿಸುವ ಅಭ್ಯಾಸ ತಮಗಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ಸೊಂಟ ಹಿಡಿದುಕೊಂಡಿದೆ, ಹದಿನಾಲ್ಕು ತಿಂಗಳಲ್ಲಿ ಒಂದು ಭಾನುವಾರವೂ ಮನೆಯಲ್ಲಿ ಕಳೆದಿಲ್ಲ, ಮತ್ತು ತಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ತಮಗೆ ಕಿವಿಯಿಲ್ಲ, ಕಿವಿಯಿರುವ ಮೇಲಧಿಕಾರಿಗಳಿಗೆ ಪುರುಸೊತ್ತಿಲ್ಲ. ಆದ್ದರಿಂದ ಈ ದೂರನ್ನು ಕೋಣೆಯ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ಬಾಗಿಲ ಬಳಿ ನಿಂತು ಓದುವವರಿಗಾಗಿ ತಮ್ಮ ಪೂರ್ವಾಪರವನ್ನು ನಾಲ್ಕು ಮಾತಿನಲ್ಲಿ ಹೇಳಲು ಅಪ್ಪಣೆಯಾಗಲಿ. ತಾವು ಮೂಲತಃ ನನ್ನ ಯಜಮಾನರ ಎಡ ಮುಂಗೈಯ ಚರ್ಮದವರು. ಐವತ್ತೆಂಟು ವರ್ಷದ ಆ ಮುಂಗೈಯಿಂದ ನಮ್ಮ ಪ್ರಯೋಗಾಲಯದವರು ತಮ್ಮನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ತಂದು, ಗುಲಾಬಿ ಬಣ್ಣದ ದ್ರವದಲ್ಲಿ ಸಾಕಿ, ನಾಲ್ಕು ವಂಶವಾಹಿಗಳನ್ನು ಒಳಗೆ ಕಳಿಸಿ, ತಾವು ಚರ್ಮವೆಂಬುದನ್ನೇ ತಮಗೆ ಮರೆಸಿ, ತಾಯಿಯ ಗರ್ಭದಲ್ಲಿನ ಮೊದಲ ದಿನಗಳ ಸ್ಥಿತಿಗೆ ಹಿಂದಿರುಗಿಸಿದರು. ಇಂಥವರನ್ನು ಆಕರಕೋಶಗಳು ಎನ್ನುತ್ತಾರೆ. ಇನ್ನೂ ಏನೂ ಆಗಿಲ್ಲದ, ಆದ್ದರಿಂದಲೇ ಏನು ಬೇಕಾದರೂ ಆಗಬಲ್ಲ ಈ ಭಾಗ್ಯವನ್ನು ತಮಗೆ ಪುಕ್ಕಟೆಯಾಗಿ ದೊರಕಿಸಿಕೊಟ್ಟರು. ಅದೇ ಮುಂಗೈಯ ಉಳಿದ ಭಾಗ ಮನೆಯಲ್ಲಿ ಕೂತು, ಮೊಣಕೈ ನೋವಿಗೆ ಎಣ್ಣೆ ಹಚ್ಚು ಎನ್ನುತ್ತಿದೆ. ಒಂದೇ ಚರ್ಮದಲ್ಲಿ ಒಬ್ಬರು ಹಸುಗೂಸು, ಇನ್ನೊಬ್ಬರು ಮುದುಕ. ಇಬ್ಬರ ಚಾಕರಿಯೂ ನನ್ನದೇ.

ಇಷ್ಟೆಲ್ಲ ಮಾಡಿದ್ದು ತಾವು ಕಣ್ಣಿನ ಹಿಂಬದಿಯ ಪರದೆಯಾಗಿ ಯಜಮಾನರ ಕಣ್ಣಿನೊಳಗೇ ಸೇರಲಿ ಎಂದು. ಯಜಮಾನರು ಕಟ್ಟುಹಲ್ಲು ತಯಾರಿಸುವವರು. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆಯುಂಟೆಂದೂ, ಬಾಯಿ ತೆರೆದ ಕ್ಷಣದಲ್ಲಿ ಇದು ಎಷ್ಟನೆಯದೆಂದು ಹೇಳಬಲ್ಲೆನೆಂದೂ ಹೆಮ್ಮೆಪಡುತ್ತಿದ್ದ ಮನುಷ್ಯ. ಈಗ ಎಡಗಣ್ಣಿನ ನಡುಭಾಗ ಪೂರ್ತಿ ಹೋಗಿದೆ. ಬಲಗಣ್ಣಿನ ನಡುವೆ ಬೂದುಬಣ್ಣದ ಮಚ್ಚೆಯೊಂದು ಕೂತು ದಿನೇ ದಿನೇ ದಪ್ಪಗಾಗುತ್ತಿದೆ. ಎದುರಿಗಿರುವವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಹೋದ ತಿಂಗಳು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಗೆ ಮುಂದಿನ ಹಲ್ಲುಗಳಲ್ಲಿ ಒಂದನ್ನು ಬೇರೆಯ ಬಿಳುಪಿನಲ್ಲಿ ಕೂರಿಸಿಕೊಟ್ಟರು. ಅವರು ಕನ್ನಡಿ ನೋಡಿಕೊಂಡು, ಇವರ ಮುಖ ನೋಡಿ, ತುಂಬ ಚೆನ್ನಾಗಿದೆ ಎಂದು ಹೇಳಿ ಹೊರಟುಹೋದರಂತೆ. ಆ ಹೊತ್ತಿನಿಂದ ಯಜಮಾನರು ಹೊಸ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಬಲಗಣ್ಣಿಗೆ ಇನ್ನೊಂದು ವರ್ಷ, ಬಹಳವೆಂದರೆ ಒಂದೂವರೆ ಎಂದು ಕಣ್ಣಿನ ವೈದ್ಯರು ಹೇಳಿದ್ದಾರೆ.

ಇಂಥ ಸಂದರ್ಭದಲ್ಲಿ ತಾವು ತೋರಿದ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಕಣ್ಣಿನ ದಾರಿ ಹಿಡಿಸುವ ರಸಗಳನ್ನೆಲ್ಲ ಅಳತೆ ತಪ್ಪದೆ ತಮಗೆ ಕುಡಿಸುತ್ತ ಬಂದೆ. ಕಣ್ಣಿನ ಪರದೆಯ ಕೋಶಗಳಾದರೆ ಕಪ್ಪು ಕಪ್ಪಾಗಿ ಮೈಗೆ ಮೈ ತಾಗಿಸಿ ಕೂರುತ್ತವೆ. ಆ ಕಪ್ಪಿಗಾಗಿ ನಾನು ಬಸುರಿಯ ತಾಯಿಯ ಹಾಗೆ ದಿನ ಎಣಿಸಿದೆ. ಎರಡು ವಾರದ ಹಿಂದೆ, ಮಂಗಳವಾರ ಬೆಳಿಗ್ಗೆ, ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ತಾವು ಕಪ್ಪಗಾಗುವ ಬದಲು ಲಬ್ ಡಬ್ ಎಂದು ಮಿಡಿಯುತ್ತಿದ್ದಿರಿ. ಹೃದಯದ ಮಾಂಸವಾಗಿದ್ದಿರಿ! ಇಡೀ ಪ್ರಯೋಗಾಲಯ ಓಡಿಬಂತು. ನಿರ್ದೇಶಕರು ತಮ್ಮ ಫೋನಿನಲ್ಲಿ ವೀಡಿಯೊ ಮಾಡಿಕೊಂಡು, ಆಹಾ ಎಂಥ ಸೊಗಸು ಎಂದು ಮುಂದಿನ ಉಪನ್ಯಾಸಕ್ಕೆ ಎತ್ತಿಟ್ಟುಕೊಂಡರು. ನಾನೊಬ್ಬಳೇ ಗೋಡೆಗೆ ಒರಗಿ ನಿಂತಿದ್ದೆ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಆ ಮನುಷ್ಯನಿಂದ ಒಂದು ಒಲವಿನ ಮಾತು ಹೊರಟಿದ್ದಿಲ್ಲ. ಬೇಡವೇ ಬೇಡ ಎನ್ನುವ ಹೊತ್ತಿನಲ್ಲಿ ಅವರ ಮುಂಗೈ ಹೃದಯವಾಗಿ ಎದುರಿಗೆ ಕೂತಿತ್ತು.

ವಿಷಯ ಕೇಳಿದ ನಮ್ಮ ಅತ್ತೆಯವರಿಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. "ಅವನು ಚಿಕ್ಕವನಿದ್ದಾಗ್ಲೂ ಹೀಗೇ ಕಣೇ, ಒಂದು ಹೇಳಿದ್ರೆ ಇನ್ನೊಂದು ಮಾಡ್ಕೊಂಡು ಬರ್ತಿದ್ದ" ಎಂದು ಹೇಳಿ, ವಿಜ್ಞಾನವನ್ನು ಅಲ್ಲಿಗೇ ಮುಗಿಸಿದರು.

ಆಮೇಲೆ ನಿರ್ದೇಶಕರ ವರದಿ ಬಂತು. 'ಈ ವ್ಯಕ್ತಿಯ ಜೀವಕೋಶಗಳು ಕಣ್ಣಿನ ಕಡೆಗೆ ತಿರುಗುವ ಸ್ವಭಾವದವಲ್ಲ, ಮುಂದುವರಿಸುವುದು ವ್ಯರ್ಥ' ಎಂದು ಅದರಲ್ಲಿದೆ. ಇದರ ಅರ್ಥ ತಮಗೆ ಗೊತ್ತಾಗಲಾರದು, ನಾನೇ ಬಿಡಿಸಿ ಹೇಳುತ್ತೇನೆ. ಶೀತಲ ಡಬ್ಬಿಯಲ್ಲಿ ಯಜಮಾನರ ಚರ್ಮದ ಕೋಶಗಳ ಒಂದು ಸೀಸೆ, ಒಂದೇ ಒಂದು ಸೀಸೆ, ಇನ್ನೂ ಉಳಿದಿದೆ. ಒಬ್ಬರಿಂದ ಒಂದು ಸಲ ಮಾತ್ರ ಚರ್ಮ ತೆಗೆಯಬೇಕೆಂಬುದು ನಮ್ಮ ಸಂಸ್ಥೆಯ ಸಮಿತಿಯ ನಿಯಮ. ಸೋಮವಾರ ಸಮಿತಿ ಸೇರಿ ಈ ವರದಿಯನ್ನು ಒಪ್ಪಿಕೊಂಡರೆ ಆ ಸೀಸೆಯನ್ನು ತೆರೆಯುವುದಿಲ್ಲ. ಯಜಮಾನರ ಹೆಸರು ಚಿಕಿತ್ಸೆಯ ಪಟ್ಟಿಯಿಂದ ಹೋಗುತ್ತದೆ, ಮುಂದಿನ ವರ್ಷಕ್ಕೆ ಬಲಗಣ್ಣೂ ಹೋಗುತ್ತದೆ. ಎಲ್ಲವೂ ತಮ್ಮ ಸ್ವಭಾವದ ದೆಸೆಯಿಂದ. ಬಾಯಿಲ್ಲದವರ ತಲೆಗೆ ತಪ್ಪು ಕಟ್ಟುವುದರಲ್ಲಿ ನಮ್ಮ ಸಂಸ್ಥೆಯದು ಎತ್ತಿದ ಕೈ ಎಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯುತ್ತೇನೆ. ಆ ವರದಿಯ ಕೊನೆಯಲ್ಲಿ ನನ್ನ ಸಹಿಯೂ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಕೋರಿಕೆಗಳು ಇವು. ಸೋಮವಾರದ ಒಳಗೆ ಮಿಡಿಯುವುದನ್ನು ನಿಲ್ಲಿಸಿ, ಮತ್ತೆ ಹಸುಗೂಸಾಗಿ, ಈ ಸಲ ನೇರವಾಗಿ ಕಣ್ಣಿನ ದಾರಿ ಹಿಡಿಯತಕ್ಕದ್ದು. ಅದಾಗದಿದ್ದರೆ, ಖುದ್ದಾಗಿ ಸಮಿತಿಯ ಮುಂದೆ ಹಾಜರಾಗಿ, ತಟ್ಟೆಯೊಳಗಿಂದಲೇ, ಐದು ತಿಂಗಳ ಹಿಂದೆ ಒಂದು ಬುಧವಾರ ಏನಾಯಿತೆಂದು ಹೇಳತಕ್ಕದ್ದು. ಅದೂ ಆಗದಿದ್ದರೆ, ನಾನೇ ಹೇಳುವಂತೆ ನನಗೆ ಸ್ವಲ್ಪ ಬುದ್ಧಿ ಕೊಡತಕ್ಕದ್ದು. ಮೂರನೆಯದು ನಡೆಯಿತೆಂದೇ ತೋರುತ್ತದೆ, ಯಾಕೆಂದರೆ ಕೈ ತಾನಾಗಿಯೇ ಮುಂದಕ್ಕೆ ಬರೆಯುತ್ತಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ತಟ್ಟೆಯಲ್ಲಿ ತಮ್ಮಂಥವರು ಗುಂಪು ಗುಂಪಾಗಿ ಬೆಳೆಯುತ್ತಾರೆ. ಅಂಚು ಚೊಕ್ಕಟವಾಗಿರುವ ಗುಂಪು ಒಳ್ಳೆಯದು, ಅಂಚು ಹರಡಿಕೊಂಡು ಮನಬಂದಂತೆ ಹೊರಟಿರುವುದು ಕೆಟ್ಟದ್ದು. ಕೆಟ್ಟದ್ದನ್ನು ಕಂಡವರು ತಟ್ಟೆಯನ್ನು ಮಗುಚದೆ ಎತ್ತಿ, ತಳಕ್ಕೆ ಕಪ್ಪು ಪೆನ್ನಿನಿಂದ ಸುತ್ತು ಹಾಕಿಡಬೇಕು. ಮುಂದಿನವರು ಸುತ್ತು ಹಾಕಿದ್ದನ್ನೆಲ್ಲ ಕೆರೆದು ತೆಗೆಯಬೇಕು. ಹನ್ನೊಂದು ವರ್ಷದಿಂದ ಬಂದವರಿಗೆಲ್ಲ ಇದನ್ನು ಕಲಿಸಿದವಳು ನಾನು. ಆ ಬುಧವಾರ ತಟ್ಟೆಯಲ್ಲಿ ನಾಲ್ಕು ಗುಂಪುಗಳಿದ್ದವು. ಮೂರು ಅಪ್ಪಟ ಚಿನ್ನ, ಒಂದು ಪೋಲಿ. ಮಾರನೆಯ ದಿನ ಆ ಮೂರರಲ್ಲಿ ಒಂದಿಷ್ಟನ್ನು ಶೀತಲ ಡಬ್ಬಿಯಲ್ಲಿ ಕಾಪಿಡುವುದೆಂದು ನಾನೇ ನಿಶ್ಚಯಿಸಿಕೊಂಡಿದ್ದೆ. ಅಷ್ಟು ಚೆಂದದ ಗುಂಪುಗಳನ್ನು ನಾನು ಕಂಡಿರಲಿಲ್ಲ. ಫೋಟೋ ತೆಗೆದು ಮನೆಯಲ್ಲಿ ತೋರಿಸೋಣ, ಹುಡುಕುವುದು ಸುಲಭವಾಗಲಿ ಎಂದು, ಸಂಭ್ರಮದಲ್ಲಿ ಮೈಮರೆತು, ಆ ಮೂರಕ್ಕೂ ಸುತ್ತು ಹಾಕಿದೆ. ಅಷ್ಟರಲ್ಲಿ ಯಜಮಾನರನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ಯುವ ಹೊತ್ತಾಯಿತೆಂದು ತಟ್ಟೆಯನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಓಡಿದೆ.

ಮಧ್ಯಾಹ್ನದ ಪಾಳಿಗೆ ಬಂದವಳು ನಾವೆಲ್ಲ ಶಿಸ್ತಮ್ಮ ಎಂದು ಕರೆಯುವ ನನ್ನ ಜೊತೆಗಾತಿ. ಹೇಳಿಕೊಟ್ಟದ್ದರಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗದವಳು. ನಾನು ಹೇಳಿಕೊಟ್ಟ ಹಾಗೆಯೇ ಮೂರನ್ನೂ ನೀಟಾಗಿ ಕೆರೆದು ತೆಗೆದು, 'ಗುರುತು ಹಾಕಿದ್ದ ಮೂರನ್ನೂ ತೆಗೆಯಲಾಗಿದೆ' ಎಂದು ದಿನಚರಿಯ ಪುಸ್ತಕದಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿಟ್ಟಳು. ಅದು ಇಂದಿಗೂ ಅಲ್ಲಿಯೇ ಇದೆ. ವರದಿ ಬರೆದವರು ಆ ಪುಟ ತಿರುವಿ ನೋಡಲಿಲ್ಲ, ನಾನು ತೋರಿಸಲಿಲ್ಲ. ಮಾರನೆಯ ಬೆಳಿಗ್ಗೆ ಮೂರು ಖಾಲಿ ಸುತ್ತುಗಳನ್ನು ನೋಡಿ, ಆ ಪುಟವನ್ನು ಓದಿ, ಪುಸ್ತಕವನ್ನು ಮುಚ್ಚಿಟ್ಟೆ. ಉಳಿದಿದ್ದ ಪೋಲಿ, ಅಂದರೆ ತಾವು, ಹೇಗಾದರೂ ಕಣ್ಣಾಗಿಬಿಡಲಿ ಎಂದು ಬಾಯಿ ಮುಚ್ಚಿಕೊಂಡು ಐದು ತಿಂಗಳು ಊಟ ಹಾಕಿದೆ.

ಆದ್ದರಿಂದ ಈ ದೂರಿನಲ್ಲಿ ತಮ್ಮ ಹೆಸರಿರುವ ಕಡೆಯೆಲ್ಲ ನನ್ನ ಹೆಸರು ಓದಿಕೊಳ್ಳಬೇಕೆಂದು ಸಮಿತಿಯವರಲ್ಲಿ ವಿನಂತಿಸುತ್ತೇನೆ. ಯಜಮಾನರ ಕೋಶಗಳ ಸ್ವಭಾವದಲ್ಲಿ ಯಾವ ದೋಷವೂ ಇಲ್ಲ. ಚಿನ್ನದಂಥ ಮೂರು ಗುಂಪುಗಳನ್ನು ಕೊಟ್ಟಿದ್ದವು. ವರದಿಗೆ ಹಾಕಿದ ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ನನಗೆ ಏನು ಶಿಕ್ಷೆಯಾದರೂ ಆಗಲಿ, ಆ ಸೀಸೆಯನ್ನು ತೆರೆಯಿರಿ. ಈ ಬಾಗಿಲನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಬಾಗಿಲಿಗೆ ಅಂಟಿಸಿದ್ದನ್ನು ಇಡೀ ಪ್ರಯೋಗಾಲಯ ಓದಬಹುದು, ಯಜಮಾನರು ಮಾತ್ರ ಓದಲಾರರು.

ಇಂತಿ ತಮ್ಮ ವಿಶ್ವಾಸಿ, ವಿಶ್ವಾಸಕ್ಕೆ ಎಷ್ಟು ಯೋಗ್ಯಳೆಂಬುದನ್ನು ಸೋಮವಾರದವರೆಗೆ ಕೇಳಬಾರದಾಗಿ ಪ್ರಾರ್ಥಿಸುವ,
ಏಳನೆಯ ತಟ್ಟೆಯ ಅಡುಗೆಯವಳು

ಮರೆತ ಮಾತು: ಯಜಮಾನರು ಓದಲಾರರೆಂಬ ಆ ಸಾಲು ಬರೆದ ಮೇಲೆ ನಾಚಿಕೆಯಾಗಿ, ಇಡೀ ಪತ್ರವನ್ನು ಅವರಿಗೆ ನಾನೇ ಓದಿ ಹೇಳಿದೆ. ನನ್ನ ಮುಖ ಕಾಣಲೆಂದು ತಲೆಯನ್ನು ಓರೆ ಮಾಡಿ, "ಅದು ಇನ್ನೂ ಬಡ್ಕೊಳ್ತಾ ಇದೆಯಾ? ಹಾಗಾದ್ರೆ ಊಟ ನಿಲ್ಲಿಸ್ಬೇಡ" ಎಂದರು. ಆದ್ದರಿಂದ ತಮಗೆ ನಾಳೆಯೂ ಒಂಬತ್ತೂಕಾಲಿಗೆ ಬಡಿಸಲಾಗುವುದು. ಆದರೆ ಸಮಿತಿ ಒಪ್ಪಿದರೆ ಸೀಸೆಯಿಂದ ಹೊರಡುವ ತಮ್ಮ ತಮ್ಮಂದಿರಿಗೆ ಒಂದು ಮಾತು ಮುಟ್ಟಿಸಿ: ಹೃದಯ ಈ ಮನೆಗೆ ಸಾಕಷ್ಟಾಯಿತು, ಅವರು ದಯವಿಟ್ಟು ಹೇಳಿದ್ದನ್ನು ಕೇಳಲಿ. ಕಪ್ಪು ಪೆನ್ನು ಈಗ ಶಿಸ್ತಮ್ಮನ ಕೈಯಲ್ಲಿದೆ, ಕೆರೆಯುವ ಕಡ್ಡಿ ನನ್ನ ಕೈಯಲ್ಲಿದೆ.