ನಳದ ತಗ್ಗಿನ ಇಂಗಿನ ಡಬ್ಬಿ

ಹೆಂಡತಿಯ ಕಷ್ಟ ಕಂಡು ಮರುಗಿದ ಗಂಡಸು ಎರಡು ಕೊಡ ನೀರು ಹೊತ್ತು ತಂದುಕೊಟ್ಟರೆ ಸಾಕು, ಮನೆ ತಣ್ಣಗಿರುತ್ತದೆ. ನನಗೆ ಆ ದಾರಿ ಹೊಳೆಯಲೇ ಇಲ್ಲ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಮರುಕ ಬಂದರೆ ಯಂತ್ರ ಮಾಡಲು ಕೂರುವ ಪೈಕಿ.

ಎಂಬತ್ತರ ದಶಕದ ಕುಷ್ಟಗಿಯಲ್ಲಿ ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ, ಮಧ್ಯಾಹ್ನ ನೀರು ಬರುತ್ತಿತ್ತು. ಎಷ್ಟೊತ್ತಿಗೆ ಎಂಬುದು ನೀರಿಗೂ ಗೊತ್ತಿರಲಿಲ್ಲ. ನಮ್ಮದು ಓಣಿಯ ಕೊನೆಯ ಮನೆ, ಸಾಲದ್ದಕ್ಕೆ ಏರಿನ ಮೇಲೆ. ನೀರು ಹತ್ತುವುದಿಲ್ಲವೆಂದು ಅಂಗಳದಲ್ಲಿ ಎದೆಮಟ್ಟ ತಗ್ಗು ತೋಡಿ, ಅದರ ತಳಕ್ಕೆ ನಳ ಇಳಿಸಿದ್ದೆವು. ಆದರೂ ಕೆಳಗಿನ ಮನೆಯವರು ತಮ್ಮ ನಳ ತಿರುಗಿಸಿದರೆಂದರೆ ನಮ್ಮ ನಳ ಬರೀ ಉಸಿರು ಬಿಡುತ್ತಿತ್ತು. ಅದಕ್ಕೇ ನನ್ನ ಹೆಂಡತಿ ಶಾಂತಾ ಊಟವಾದೊಡನೆ ತಗ್ಗಿನ ದಂಡೆಯಲ್ಲಿ ಕೂತು, ನಳ ಮೊದಲ ಸಲ ಕೆಮ್ಮಿದ್ದೇ ತಡ, ಓಣಿಯೆಲ್ಲ ನಿದ್ದೆಯಲ್ಲಿರುವಾಗಲೇ ಹಂಡೆ ತುಂಬಿಸಿಬಿಡುತ್ತಿದ್ದಳು. ತಪ್ಪಿದರೆ ಮೂರು ದಿನ ಮಂದಿಯ ಮನೆ ಮುಂದೆ ಕೊಡ ಹಿಡಿದು ನಿಲ್ಲಬೇಕು. ಅವಳು ಕೂತಲ್ಲೇ ತೂಕಡಿಸುವುದನ್ನು ನೋಡಿ ನನ್ನ ಕರುಳು ಚುರುಕ್ಕೆಂದಿತು.

ಬೇಸಿಗೆ ರಜೆಯಲ್ಲಿ ಕೆಲಸ ಶುರುವಾಯಿತು. ನಳದ ಕೆಳಗೆ ಬಕೆಟ್ಟು, ಅದರೊಳಗೆ ಎರಡು ತಂತಿ. ನೀರು ಮುಟ್ಟಿದರೆ ಸದ್ದಾಗಬೇಕು. ಸದ್ದಿಗೆ ಕೆಟ್ಟ ಗಡಿಯಾರದಿಂದ ಕಿತ್ತ ಪೀಜೋ ಬಿಲ್ಲೆ, ಅಂದರೆ ಕರೆಂಟು ಹರಿದರೆ ನಡುಗಿ ಸದ್ದು ಮಾಡುವ, ರೂಪಾಯಿಯಷ್ಟಗಲದ ತೆಳ್ಳನೆಯ ಹಿತ್ತಾಳೆ ತಗಡು. ಅದನ್ನು ಹಲಗೆಗೆ ಗಟ್ಟಿಯಾಗಿ ಅಂಟಿಸಿ ಶಾಂತಾಳನ್ನು ಕರೆದೆ.

“ಚಾಲೂ ಮಾಡ್ರಿ ಮತ್ತ,” ಎಂದಳು. ಚಾಲೂ ಆಗಿ ಆಗಲೇ ಒಂದು ನಿಮಿಷವಾಗಿತ್ತು. ಕಿವಿಯನ್ನು ಹತ್ತಿರ ತಂದು, “ಅಯ್ಯ, ಗುಂಗಾಡ ಹಾಡಿದಂಗ ಐತಲ್ರಿ!” ಎಂದು ನಕ್ಕಳು.

ಒಂದು ಬ್ಯಾಟರಿ ಇದ್ದಲ್ಲಿ ಎರಡು ಹಾಕಿದೆ, ಟ್ರಾನ್ಸಿಸ್ಟರ್ ಸೇರಿಸಿದೆ. ಬಡಕಲು ಸೊಳ್ಳೆ ಹೋಗಿ ಉಂಡ ಸೊಳ್ಳೆ ಬಂತು, ಅಷ್ಟೆ. ಕೊನೆಗೆ ನಾಚಿಕೆ ಬಿಟ್ಟು ಬಜಾರಿನಲ್ಲಿ ರೇಡಿಯೋ ರಿಪೇರಿ ಮಾಡುವ ಖಾದರಸಾಬರ ಮುಂದೆ ಹಲಗೆ ಇಟ್ಟೆ.

“ಮಾಸ್ತರ್ರ, ಮೈಯೆಲ್ಲಾ ಅಂಟಿಸಿ ಕುಂದ್ರಸೀರಿ, ಪಾಪ, ಅದು ಹೆಂಗ ಕುಣೀಬೇಕ್ರಿ?” ಎಂದರು. “ಬರೇ ಅಂಚು ಹಿಡೀರಿ, ನಡು ಬಿಡ್ರಿ. ಸಣ್ಣ ಡಬ್ಬಿಯೊಳಗ ಇಟ್ಟು ಮುಚ್ಚಳಕ್ಕ ತೂತು ಹೊಡೀರಿ. ಆಮ್ಯಾಲ ಅದರ ಆವಾಜ್ ನೋಡ್ರಿ.”

ಅಂದಿನಿಂದ ಮನೆಯ ಯಾವ ಡಬ್ಬಿಗೂ ನೆಮ್ಮದಿ ಇರಲಿಲ್ಲ. ಪೌಡರಿನದು, ಕುಂಕುಮದ್ದು, ಬೂಟ್ ಪಾಲಿಶಿನದು, ಎಲ್ಲವೂ ಸೋತವು. ಇಂಗಿನ ಡಬ್ಬಿಯಲ್ಲಿಟ್ಟಾಗ ಮಾತ್ರ ಎಂಥ ಚೀರಾಟವೆಂದರೆ, ಅಂಗಳದ ಕೋಳಿಗಳು ಗೋಡೆ ಹಾರಿದವು. ನನಗಾದ ಸಂತೋಷ ಹೇಳತೀರದು.

ಮೂರನೆಯ ದಿನ ನೀರು ಬಂತು, ತಗ್ಗಿನಲ್ಲಿಟ್ಟ ಡಬ್ಬಿ ಚೀರಿತು. ಶಾಂತಾ ನಿದ್ದೆಯಿಂದೆದ್ದು ಕೊಡ ಹಿಡಿದಳು. ಅವಳ ಜೊತೆ ಇಡೀ ಓಣಿಯೇ ಎದ್ದು ಕೊಡ ಹಿಡಿಯಿತು. ಕೆಳಗಿನ ಮನೆಗಳ ನಳಗಳೆಲ್ಲ ಒಟ್ಟಿಗೇ ತಿರುಗಿದವು. ಎರಡು ಕೊಡ ತುಂಬುವಷ್ಟರಲ್ಲಿ ನಮ್ಮ ನಳ ಉಸಿರು ಬಿಡತೊಡಗಿತು.

ಸಂಜೆ ಕೆಳಮನೆಯ ನೀಲವ್ವ ತಾಟಿನ ತುಂಬ ಬಿಸಿ ಮೆಣಸಿನಕಾಯಿ ಬಜ್ಜಿ ತಂದಳು. “ಮಾಸ್ತರ್ರ, ನಿಮ್ಮ ಹೊಟ್ಟಿ ತಣ್ಣಗಿರಲಿ. ಇನ್ನ ನಾವೆಲ್ಲಾ ಆರಾಮ ಮಲಕೊಂತೀವ್ರಿ!”

ಶಾಂತಾ ತಾಟನ್ನು ನನ್ನ ಮುಂದೆ ಕುಕ್ಕಿದಳು. “ತಿನ್ರಿ. ನೀರು ಮಾತ್ರ ಕೇಳಬ್ಯಾಡ್ರಿ.”

ಮರುದಿನ ಬಿಲ್ಲೆಯನ್ನು ಮೊದಲಿನಂತೆ ಹಲಗೆಗೆ ಗಟ್ಟಿಯಾಗಿ ಅಂಟಿಸಿದೆ. ಯಂತ್ರ ಕೆಟ್ಟಿತೆಂದು ಓಣಿಯವರೆಲ್ಲ ಬಂದು ಮರುಗಿ ಹೋದರು. ಈಗ ಅದರ ಸದ್ದು ಕೇಳಬೇಕಾದರೆ ತಗ್ಗಿನ ದಂಡೆಯಲ್ಲೇ, ಕಿವಿ ಕೊಟ್ಟು ಕೂರಬೇಕು. ರಜೆ ಮುಗಿಯುವ ತನಕ ನಾನು ಕೂತೆ. ಅಷ್ಟು ಹತ್ತಿರ ಕೂತವನಿಗೆ ನೀರೇ ಕಾಣುತ್ತದಲ್ಲ, ಯಂತ್ರ ಯಾಕೆ ಎಂದು ನೀವು ಕೇಳಬಹುದು. ಶಾಂತಾ ಕೇಳಲಿಲ್ಲ. ಅವಳು ಒಳಗೆ ಗಾಢ ನಿದ್ದೆಯಲ್ಲಿದ್ದಳು.