ಬೀಗಿತಿಗಾಗಿ ಸಿಂಗರಿಸಿದ ಬಚ್ಚಲುಮನೆ

"ಬಾತ್‌ರೂಮ್ ಹೊಸದಾಗಿ ಕಾಣಬೇಕು ಅಂದರೆ ಒಡೆದು ಕಟ್ಟಿಸಬೇಕಿಲ್ಲ, ಸ್ವಲ್ಪ ಜಾಣತನ ಇದ್ದರೆ ಸಾಕು" ಎಂದಳು ಫೋನಿನೊಳಗಿನ ಹುಡುಗಿ. ಒಡೆದು ಕಟ್ಟಿಸಲು ನಮ್ಮಲ್ಲಿ ದುಡ್ಡಿರಲಿಲ್ಲ. ಜಾಣತನಕ್ಕೆ ಮಾತ್ರ ನನಗೆ ಯಾವತ್ತೂ ಕೊರತೆ ಬಿದ್ದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಮನೆಯಲ್ಲಿ ಬೇರೆಯವರ ಅಭಿಪ್ರಾಯ ಏನೆಂದು ನಾನು ಕೇಳಲು ಹೋಗಿರಲಿಲ್ಲ.

ನಮ್ಮ ಬಚ್ಚಲುಮನೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಬೆಟ್ಟದಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಹಿತ್ತಲ ಬಾಗಿಲಿಗೆ ಒತ್ತಿಕೊಂಡ ಹಾಗೆ ಬಚ್ಚಲು. ಅದರ ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಸೌದೆ ಉರಿ. ನಮ್ಮತ್ತೆಯ ಕಾಲದಿಂದ ಆ ಒಲೆ ಉಗುಳಿದ ಹೊಗೆಯೆಲ್ಲ ಗೋಡೆಯ ಮೇಲೆ ಮಸಿಯಾಗಿ ಕೂತಿತ್ತು. ದಿನಾ ನೋಡುವ ನಮಗೆ ಅದು ಕಾಣುತ್ತಲೇ ಇರಲಿಲ್ಲ. ಕಂಡದ್ದು ಬೀಗಿತಿಗೆ!

ನಮ್ಮ ಮಗಳು ಕಾವ್ಯಳ ಮದುವೆಗೆ ಮುಂಚೆ ಕೆ.ಆರ್. ನಗರದಿಂದ ಗಂಡಿನ ಕಡೆಯವರು ಮನೆ ನೋಡಲು ಬಂದಿದ್ದರು. ಹುಡುಗನ ತಾಯಿ ಪ್ರಮೀಳಮ್ಮ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಹೋಗುವಾಗ ತಿಳಿಹಳದಿ ರೇಷ್ಮೆ ಸೀರೆ. ಬರುವಾಗ ಅದೇ ಸೀರೆಯ ಮೇಲೆ ಭುಜದಿಂದ ಸೊಂಟದವರೆಗೆ ಒಂದು ಕರೀ ಪಟ್ಟೆ. ಅವರು ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. "ಬಚ್ಚಲು ಸ್ವಲ್ಪ ಹಳೇದಾಗದೆ ಅಲ್ವಾ?" ಎಂದರು, ಅಷ್ಟೆ. ಬೈದಿದ್ದರೆ ಅವತ್ತೇ ಮರೆಯುತ್ತಿದ್ದೆ. ಆ 'ಸ್ವಲ್ಪ' ಇದೆಯಲ್ಲ, ಅದು ನನ್ನನ್ನು ಒಳಗೊಳಗೇ ತಿಂದುಹಾಕಿತು.

ಮದುವೆ ಚೆನ್ನಾಗಿಯೇ ಆಯಿತು. ಊಟವನ್ನು ಹೊಗಳಿದರು, ಚಪ್ಪರವನ್ನು ಹೊಗಳಿದರು. ಆದರೆ ಬಚ್ಚಲ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಪ್ರಮೀಳಮ್ಮನವರ ಬಾಯಿಂದ ಬರುವವರೆಗೂ ನನಗೆ ನೆಮ್ಮದಿಯಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಅವಕಾಶ ತಾನಾಗಿ ಬಂತು. ಅಳಿಯನ ಮೊದಲ ದೀಪಾವಳಿ! ಹಿಂದಿನ ಸಂಜೆ ಹಂಡೆ ತೊಳೆದು, ಹೂ ಕಟ್ಟಿ, ನೀರು ತುಂಬಿ ಪೂಜೆ. ಬೆಳಗ್ಗೆ ಎಣ್ಣೆ ಹಚ್ಚಿ ಸ್ನಾನ. ಅಂದರೆ ಹಬ್ಬ ನಡೆಯುವುದೇ ಬಚ್ಚಲಲ್ಲಿ. ವಾಡಿಕೆಯ ಪ್ರಕಾರ ಮಗಳನ್ನು, ಅಳಿಯನನ್ನು ಕರೆದರೆ ಸಾಕಿತ್ತು. ನಾನು ಬೀಗಿತಿಯನ್ನೂ ಕರೆದೆ.

"ಅವರ್ನ್ಯಾಕೆ ಕರ್ದೆ?" ಎಂದರು ನಮ್ಮ ಯಜಮಾನರು.

"ಪ್ರೀತಿಗೆ ಕಣ್ರೀ."

"ಪ್ರೀತಿನೋ, ಬಚ್ಚಲೋ?"

ಕೆಲವು ಗಂಡಸರಿಗೆ ಹೆಂಡತಿಯ ಮನಸ್ಸು ಬೇಡದ ಹೊತ್ತಿನಲ್ಲೇ ಅರ್ಥವಾಗುತ್ತದೆ.

ಕೊಪ್ಪಕ್ಕೆ ಬಸ್ಸು ಹತ್ತಿದೆ. ಬೈಲಕುಪ್ಪೆ ನೋಡಲು ಬರುವ ಜನರಿಗೆಂದು ಅಲ್ಲಿ ತರಾವರಿ ಅಂಗಡಿಗಳಿವೆ. ಇಟ್ಟಿಗೆ ಗೋಡೆಯ ಹಾಗೆ ಉಬ್ಬಿಕೊಂಡಿರುವ, ಹಿಂಬದಿಗೆ ಅಂಟು ಬಳಿದಿರುವ ಬಿಳಿ ಸ್ಪಂಜಿನ ಹಾಳೆ ತೆಗೆದುಕೊಂಡೆ. ನೆಲಕ್ಕೆ ಅಂಟಿಸಲು ಕೊಳದ ಚಿತ್ರದ ದೊಡ್ಡ ಹಾಳೆ. ಅದರಲ್ಲಿ ತಿಳಿನೀರು, ತಾವರೆ, ಅಲ್ಲಲ್ಲಿ ಕೆಂಪು ಮೀನು. ಮುಟ್ಟಿದರೆ ಕೈ ಒದ್ದೆಯಾಗುತ್ತದೇನೋ ಅನ್ನುವಷ್ಟು ನಿಜ! ಕೊನೆಗೆ ಹಸಿರು ಪ್ಲಾಸ್ಟಿಕ್ ಬಳ್ಳಿ.

"ಬಾಡಲ್ವಾ?" ಎಂದು ಅಂಗಡಿಯವನನ್ನು ಪೆದ್ದಿಯಂತೆ ಕೇಳಿದೆ.

"ಜಲ್ಮದಲ್ಲಿ ಬಾಡಾಕಿಲ್ಲ ಕಣಕ್ಕ" ಎಂದ.

ಗೋಡೆ ಒರೆಸಿ, ಹಾಳೆಯ ಹಿಂದಿನ ಕಾಗದ ಕಿತ್ತು, ಅಂಟಿಸಿ ಎಂದಿದ್ದಳು ಫೋನಿನ ಹುಡುಗಿ. ಅವಳ ಗೋಡೆಯಲ್ಲಿ ಎರಡು ತಲೆಮಾರಿನ ಮಸಿ ಇರಲಿಲ್ಲವೆಂದು ಕಾಣುತ್ತದೆ. ಒರೆಸಿದಷ್ಟೂ ಮಸಿ ಬಂತು. ಸಾಕು ಬಿಡು ಎಂದು ಅದರ ಮೇಲೇ ಅಂಟಿಸಿದೆ. ಅಂಟಿತು. ಮಾರನೆಯ ಬೆಳಗ್ಗೆ ಯಜಮಾನರು ಸ್ನಾನಕ್ಕೆ ಕೂತಾಗ ಒಂದು ಹಾಳೆ ಗೋಡೆ ಬಿಟ್ಟು ಅವರ ಬೆನ್ನಿಗೆ ಅಂಟಿತು. ಕಿತ್ತರೆ ಮಸಿ ಬೆನ್ನ ಮೇಲೇ ಉಳಿಯಿತು. ನೋಡಿಕೊಳ್ಳದೆ ಹೆಗಲಿಗೊಂದು ಟವೆಲ್ ಹಾಕಿಕೊಂಡು ಡೈರಿಗೆ ಹಾಲು ಕೊಟ್ಟು ಬಂದರು.

"ಬೆನ್ ಮ್ಯಾಲೆ ಯಾರು ಕಪ್ಪು ಹಲಗೆ ಬಳ್ದವ್ರೆ ಅಂತ ಡೈರಿ ತುಂಬ ನಗಾಡಿದ್ರು ಕಣೆ!" ಎಂದು ಕೂಗಾಡಿದರು.

ಪಕ್ಕದ ಮನೆಯ ಭಾಗ್ಯಕ್ಕ ಬೇಲಿಯಾಚೆಯಿಂದಲೇ ಪರಿಹಾರ ಕೊಟ್ಟಳು. "ಎಲೆಕ್ಷನ್ನಲ್ಲಿ ಪೋಸ್ಟರ್ ಅಂಟ್ಸಲ್ವಾ ಜಯ? ಮೈದಾ ಕಾಯ್ಸಿ ಬಳ್ದುಬುಡು. ಐದ್ ವರ್ಷ ಅಲ್ಲಾಡಾಕಿಲ್ಲ."

ಒಂದು ಪಾತ್ರೆ ತುಂಬ ಮೈದಾ ಅಂಟು ಕಾಯಿಸಿ ಬಳಿದೆ. ಹಾಳೆಗಳು ಕಚ್ಚಿಕೊಂಡವು! ಬಚ್ಚಲು ಬೆಳ್ಳಗೆ ಹೊಳೆಯತೊಡಗಿತು. ಅದೇ ಉತ್ಸಾಹದಲ್ಲಿ ನೆಲಕ್ಕೂ ಹಾಳೆ ಹಾಸಿ, ಗೋಡೆಯಿಂದ ಗೋಡೆಗೆ ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದೆ. ನಡುವೆ ಎಲ್ಲಿಯೂ ಕತ್ತರಿ ಹಾಕದೆ ಕೊಳವನ್ನು ಇಡಿಯಾಗಿ ಕೂರಿಸಿದ್ದೇ ನನ್ನ ದೊಡ್ಡ ಹೆಮ್ಮೆಯಾಗಿತ್ತು. ಈ ಹೆಮ್ಮೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮಾರನೆಯ ಬೆಳಗ್ಗೆ ಯಜಮಾನರು ನಿದ್ದೆಗಣ್ಣಲ್ಲಿ ಬಚ್ಚಲ ಬಾಗಿಲು ತೆಗೆದು, ಒಂದು ಕಾಲು ಎತ್ತಿ, ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. "ಯಾರ್ಲೇ ಇಲ್ಲಿ ಗುಂಡಿ ತೋಡ್ದೋರು!"

ಆ ಕ್ಷಣವೇ ನಾನು ಕಟ್ಟಪ್ಪಣೆ ಹೊರಡಿಸಿದೆ. ಬೀಗರು ಬರುವವರೆಗೆ ಈ ಬಚ್ಚಲಲ್ಲಿ ಯಾರೂ ಸ್ನಾನ ಮಾಡತಕ್ಕದ್ದಲ್ಲ! ಮಸಿ ಕೈ, ಮಣ್ಣು ಕಾಲು ಯಾವುದೂ ಒಳಗೆ ಬರತಕ್ಕದ್ದಲ್ಲ! ಯಜಮಾನರು ಸೋಪು ಹಿಡಿದು ಗದ್ದೆಯ ಪಂಪ್‌ಸೆಟ್ಟಿಗೆ ಹೋದರು. ನಾನು ಬಕೆಟ್ಟು ಹಿಡಿದು ಭಾಗ್ಯಕ್ಕನ ಮನೆಗೆ ಹೋದೆ.

"ನಿಮ್ಮನೆ ಬಚ್ಚಲು ಏನಾಯ್ತು?" ಎಂದಳು ಭಾಗ್ಯಕ್ಕ.

"ಬಾಳ ಚೆನ್ನಾಗಿ ಆಗ್ಬುಟ್ಟದೆ" ಎಂದೆ.

ನೀರು ತುಂಬುವ ಸಂಜೆ ಹುಣಸೆಹಣ್ಣು ಹಾಕಿ ಹಂಡೆ ಬೆಳಗಿದೆ. ಪ್ರತಿವರ್ಷ ಅದರ ಕುತ್ತಿಗೆಗೆ ಚೆಂಡುಹೂವಿನ ಮಾಲೆ ಕಟ್ಟುತ್ತೇವೆ. ಈ ಸಲ ಬಾಡದ ಬಳ್ಳಿ ಇರುವಾಗ ಬಾಡುವ ಹೂವೇಕೆ? ಹಸಿರು ಬಳ್ಳಿಯನ್ನೇ ಮೂರು ಸುತ್ತು ಸುತ್ತಿದೆ. ಕುಂಕುಮವಿಟ್ಟು ಕೈಮುಗಿದೆ. ಹಂಡೆಗೆ ಏನನ್ನಿಸಿತೋ, ಬಾಯಿ ಇಷ್ಟಗಲ ತೆರೆದುಕೊಂಡೇ ಇತ್ತು.

ಬೀಗಿತಿ, ಮಗಳು, ಅಳಿಯ ನವೀನ ಮೂವರೂ ದೀಪ ಹಚ್ಚುವ ಹೊತ್ತಿಗೆ ಬಂದರು. ಪ್ರಮೀಳಮ್ಮ ಕಾಲು ತೊಳೆಯಲು ನೇರವಾಗಿ ಹಿತ್ತಲ ಕಡೆ ನಡೆದರು. ನಾನು ಅಡ್ಡ ನಿಂತೆ.

"ಇಲ್ಲೇ ದನದ ತೊಟ್ಟಿ ತಾವ ತೊಳ್ಕಳಿ ಬೀಗ್ರೇ."

"ಯಾಕೆ, ಬಚ್ಚಲು ಇಲ್ವಾ?"

"ಅದೆ. ನಾಳೆ ಅದೆ."

ಅವರು ನನ್ನ ಮುಖವನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿ ಕಾಲು ತೊಳೆದರು. ಹಸು ಪಕ್ಕದಲ್ಲೇ ನೀರು ಕುಡಿಯುತ್ತಿತ್ತು. ಕಾವ್ಯ ನನ್ನ ತೋಳು ಚಿವುಟಿ "ಅಮ್ಮ, ನಿಂಗೇನಾಗದೆ?" ಎಂದಳು. ನಾಳೆ ಗೊತ್ತಾಗುತ್ತದೆ ಮಗಳೇ ಎಂದುಕೊಂಡೆ. ಗೊತ್ತಾಯಿತು.

ಬೆಳಕು ಹರಿಯುವ ಹೊತ್ತಿಗೆ ಯಜಮಾನರು ಹಿತ್ತಲ ಕಡೆಗೆ ತೆರೆದ ಒಲೆಯ ಬಾಯಿಯ ಮುಂದೆ ಕೂತಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ತಂದು ಉಳಿದಿದ್ದ ದಪ್ಪ ಸೌದೆಗಳನ್ನು ಒಲೆಗೆ ತುರುಕುತ್ತಿದ್ದರು. ಅಳಿಯನಿಗೆ ಕಾಯಿಸುವ ಮೊದಲ ನೀರು. ಪಾಪ, ಅವರದೂ ಒಂದು ಮರ್ಯಾದೆ ಪ್ರಶ್ನೆ. ಹಂಡೆ ಬುಸುಗುಡುತ್ತಿತ್ತು.

ಅಳಿಯನನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆಯೊತ್ತಿ, ಮೈಗೆಲ್ಲ ಹರಳೆಣ್ಣೆ ಹಚ್ಚಿ, ಆರತಿ ಎತ್ತಿದೆವು. ಆಮೇಲೆ ನಾನು ಬಚ್ಚಲ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ತೆರೆದೆ. ಬಿಳೀ ಇಟ್ಟಿಗೆ! ತಾವರೆಕೊಳ! ಹಸಿರು ಬಳ್ಳಿ! ಪ್ರಮೀಳಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಕೈ ಕೆನ್ನೆಗೆ ಹೋಯಿತು. ಬಾಯಿ ತೆರೆಯಿತು.

"ಬೀಗ್ರೇ, ಇದು..." ಎಂದರು. ನನ್ನ ಜೀವವೆಲ್ಲ ಕಿವಿಗೆ ಬಂತು.

"ಮಾತು ಆಮ್ಯಾಕೆ. ನೀರು ಆರೋಯ್ತದೆ, ಮೊದ್ಲು ಅಳಿಯಂದ್ರು ಒಳಿಕ್ಕೋಗ್ಲಿ" ಎಂದರು ಯಜಮಾನರು. ಕುದಿಯುವ ನೀರು ಆರಿಹೋಗುತ್ತದಂತೆ! ಅಳಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೀಗಿತಿಯ ಮಾತು ಬಾಯಲ್ಲೇ ಉಳಿಯಿತು.

ನಾವು ಹೊರಗೆ ಸಾಲಾಗಿ ನಿಂತೆವು. ಒಳಗೆ ಚೊಂಬಿನ ಸದ್ದು, ನೀರಿನ ಸದ್ದು. ನವೀನ ಬಹಳ ಸಂಕೋಚದ ಹುಡುಗ. ಮದುವೆಯಾದ ಮೇಲೆ ನನ್ನ ಜೊತೆ ಅವನು ಮಾತಾಡಿದ್ದೇ ಕಡಿಮೆ. ಅವತ್ತು ಮಾತಾಡಿದ.

"ಅತ್ತೆ... ಬಳ್ಳಿ ಬಾಡ್ತಾ ಅದೆ."

"ಬಾಡಾಕಿಲ್ಲ ಕಣಪ್ಪ, ಪ್ಲಾಸ್ಟಿಕ್ದು."

"ಬಾಡಿ ನೀರಿಗೇ ಬಿತ್ತು ಅತ್ತೆ."

ಮತ್ತೆರಡು ಚೊಂಬು ನೀರಿನ ಸದ್ದು.

"ಅತ್ತೆ, ಗೋಡೆ ಬತ್ತಾ ಅದೆ."

"ಎಲ್ಲಿಗೆ?"

"ನನ್ ಮ್ಯಾಲಕ್ಕೆ!"

ಧಪ್ ಎಂದಿತು. ಮತ್ತೊಂದು ಧಪ್. ಐದು ವರ್ಷದ ಪೋಸ್ಟರಿನ ಅಂಟು ಹಬೆಗೆ ಐದು ನಿಮಿಷವೂ ನಿಲ್ಲಲಿಲ್ಲ.

"ಅತ್ತೆ, ಈ ನೀರು ಎಲ್ಲಿಂದ ಹೋಗ್ಬೇಕು? ಪಾದ ಮುಳುಗ್ತು."

ನೀರು ಹೋಗುವ ತೂತು! ಕತ್ತರಿ ಹಾಕದೆ ಇಡಿಯಾಗಿ ಕೂರಿಸಿದ ಕೊಳ! ಆಮೇಲೆ ಅಲ್ಲಿ ಒಂದು ಚೊಂಬು ನೀರು ಹಾಕಿಕೊಳ್ಳಲೂ ನಾನು ಯಾರನ್ನೂ ಬಿಟ್ಟಿರಲಿಲ್ಲ.

"ಅತ್ತೆ! ಮೀನು ಎದ್ದವು!"

"ಎದರ್ಕಬ್ಯಾಡಿ ಅಳಿಯಂದ್ರೇ" ಎಂದು ಯಜಮಾನರು ಧೈರ್ಯ ತುಂಬಿದರು. "ಸೊಂಟಕ್ಕೆ ಬಂದ್ರೆ ಯೋಳಿ."

ಅಳಿಯ ಬಾಗಿಲು ಎಳೆದ. ಬರಲಿಲ್ಲ. ತೇಲಿ ಬಂದ ಕೊಳವೂ ಇಟ್ಟಿಗೆಗಳೂ ಸೇರಿ ಬಾಗಿಲ ಬುಡಕ್ಕೆ ಮುದ್ದೆಯಾಗಿ ಸಿಕ್ಕಿಕೊಂಡಿದ್ದವು. ಸಂದಿಯಿಂದ ಬೆಳ್ಳನೆಯ ನೀರು ಜಿನುಗಿ ರಂಗೋಲಿಯ ಕಡೆ ಹೊರಟಿತು. ನನಗೆ ಕೈಕಾಲು ಆಡಲಿಲ್ಲ. ಆಡಿದ್ದು ಪ್ರಮೀಳಮ್ಮನವರದು. ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ ಮುಂದೆ ಬಂದರು.

"ಲೋ ನವೀನ, ಟವಲ್ ಸುತ್ಕಂಡಿದ್ದೀಯಾ?"

"ಊಂ ಅಮ್ಮ."

"ಪಕ್ಕಕ್ಕೆ ನಿಂತ್ಕ." ಭುಜ ಕೊಟ್ಟು ಒಂದೇ ಸಲ ನೂಕಿದರು. ಬಾಗಿಲು ತೆರೆಯಿತು.

ಒಳಗೆ ನನ್ನ ಅಳಿಯ ಗಂಜಿಯಲ್ಲಿ ನಿಂತಿದ್ದ. ಮೈದಾ ಬಿಸಿನೀರಿಗೆ ಬಿದ್ದರೆ ಮತ್ತೇನಾಗುತ್ತದೆ? ತಲೆಯ ಮೇಲೆ ಒಂದು ಇಟ್ಟಿಗೆ ಹಾಳೆ, ಎಣ್ಣೆ ಮೈ ತುಂಬ ಮಸಿ, ಕಾಲ ಸುತ್ತ ತೇಲುವ ತಾವರೆ. ಪಾಪ, ಆ ಸ್ಥಿತಿಯಲ್ಲೂ ನನ್ನನ್ನು ಕಂಡು ನಮಸ್ಕಾರ ಮಾಡಿದ!

"ತೂತು ಎಲ್ಲದೆ ಬೀಗ್ರೇ?" ಎಂದರು ಪ್ರಮೀಳಮ್ಮ.

"ದೊಡ್ಡ ತಾವರೆ ಕೆಳಗೆ."

"ಯಾವ್ ತಾವರೆ? ಎಲ್ಲಾ ತೇಲಾಡ್ತಾ ಅವಲ್ಲ!"

ಅವರು ಒಂದು ಭುಜವನ್ನು ಗೋಡೆಗೆ ಒರಗಿಸಿ, ಇನ್ನೊಂದು ಕೈಯನ್ನು ನೀರಿಗಿಳಿಸಿ, ತಡಕಾಡಿ, ಏನನ್ನೋ ಹಿಡಿದು ಪರ್ರೆಂದು ಕಿತ್ತರು. ಗೊಳಗೊಳನೆ ನೀರು ಇಳಿಯಿತು. ಅವರು ನೆಟ್ಟಗೆ ನಿಂತು ಈಚೆ ತಿರುಗಿದರು. ಹಬ್ಬಕ್ಕೆಂದು ಉಟ್ಟ ಹೊಸ ಸೀರೆ. ಭುಜದಿಂದ ಸೊಂಟದವರೆಗೆ ಕರೀ ಪಟ್ಟೆ. ಅದೇ ಜಾಗ!

ನನಗೆ ಅಳುವೇ ಬಂತು. "ನಿಮಗೆ ತೋರ್ಸನ ಅಂತಲೇ ಇಷ್ಟೆಲ್ಲ ಮಾಡ್ದೆ ಬೀಗ್ರೇ" ಎಂದುಬಿಟ್ಟೆ.

"ನಂಗಾ? ನಂಗ್ಯಾಕೆ?"

"ಮನೆ ನೋಡಕ್ಕೆ ಬಂದಾಗ ಬಚ್ಚಲು ಹಳೇದಾಗದೆ ಅಂದಿದ್ರಲ್ಲ."

ಪ್ರಮೀಳಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದರು. "ನಾನ್ ಅಂದಿದ್ನಾ?" ಮಗನ ಕಡೆ ತಿರುಗಿದರು. "ಅಂದಿದ್ನೇನ್ಲಾ?"

ನೆನಪೇ ಇಲ್ಲ! ನಾನು ಹೊತ್ತುಕೊಂಡು ತಿರುಗಿದ ಮಾತು ಆಡಿದವರ ತಲೆಯಲ್ಲಿ ಇರಲೇ ಇಲ್ಲ. ಮೊದಲು ಕಿಸಕ್ಕೆಂದಿದ್ದು ಕಾವ್ಯ. ಆಮೇಲೆ ಅಳಿಯ. ಆಮೇಲೆ ಪ್ರಮೀಳಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಲಿಯಾಚೆಯಿಂದ ಭಾಗ್ಯಕ್ಕನ ನಗುವೂ ಕೇಳಿಸಿತು. ಅವಳು ಯಾವಾಗಿನಿಂದ ಅಲ್ಲಿದ್ದಳೋ! ಕೊನೆಗೆ ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ, ಆದರೆ ನಿಜವಾಗಿ ಹಗುರವಾಯಿತು.

ಆಮೇಲಿನದು ದೊಡ್ಡ ಹಬ್ಬ. ಎಲ್ಲರೂ ಸೇರಿ ಹಾಳೆಗಳನ್ನು ಕಿತ್ತು ರಾಶಿ ಹಾಕಿದೆವು. ಬಳ್ಳಿ ಬೆಂದ ನೀರನ್ನು ಚೆಲ್ಲಿ ಹಂಡೆಯನ್ನು ಮತ್ತೆ ತಿಕ್ಕಿದೆವು. ಬೀಗಿತಿಯೇ ಕೊಡ ಹಿಡಿದು ನೀರು ತುಂಬಿದರು. ಈ ಸಲ ಹಂಡೆಯ ಕುತ್ತಿಗೆಗೆ ಚೆಂಡುಹೂವೇ ಬಿತ್ತು. ಅಳಿಯನ ಎರಡನೆಯ ಸ್ನಾನ ಮುಗಿದ ಮೇಲೆ ಪ್ರಮೀಳಮ್ಮ ಒಳಗೆ ಹೋದರು. ಚೊಂಬಿನ ಮೇಲೆ ಚೊಂಬು ಸುರಿದುಕೊಂಡರು. ಎಷ್ಟು ಹೊತ್ತಾದರೂ ಬರಲಿಲ್ಲ. ಕಡೆಗೆ ಕೆಂಪಗಾಗಿ, ತಲೆಗೆ ಟವೆಲ್ ಸುತ್ತಿಕೊಂಡು ಈಚೆ ಬಂದರು.

"ಬಚ್ಚಲು ಅಂದ್ರೆ ಇದು ಕಣ್ರೀ! ನಮ್ಮನೇಲಿ ಗೀಸರ್ ನೀರು ಹಾಕ್ಕಂಡು ಹಾಕ್ಕಂಡು ಸಾಕಾಗದೆ. ಮುಂದಿನ್ ದೀಪಾವಳಿಗೂ ಬತ್ತೀನಿ, ಕರೀರಿ ಬುಡಿ. ಆದ್ರೆ ಒಂದ್ ಮಾತು, ಬಚ್ಚಲಿಗೆ ಏನೂ ಮಾಡ್ಬ್ಯಾಡಿ!"

ಇಷ್ಟು ದಿನ ಕಾದ ಒಳ್ಳೆಯ ಮಾತು ಬಂತು. ಬಂದದ್ದು ನಾನು ಮುಚ್ಚಿಹಾಕಲು ಒದ್ದಾಡಿದ ಮಸಿ ಗೋಡೆಗೆ!

ಕೊಪ್ಪದಿಂದ ತಂದದ್ದರಲ್ಲಿ ಈಗ ಉಳಿದಿರುವುದು ಒಂದೇ ಒಂದು ಕೆಂಪು ಮೀನು. ನೆಲಕ್ಕೆ ಹಾಗೆ ಕಚ್ಚಿಕೊಂಡಿದೆ. ಉಗುರು ಹಾಕಿದೆ, ಚಾಕು ಹಾಕಿದೆ, ಕೊನೆಗೆ ಸೀಮೆಎಣ್ಣೆಯನ್ನೂ ಹಾಕಿದೆ, ಜಪ್ಪಯ್ಯ ಅನ್ನಲಿಲ್ಲ. ಯಜಮಾನರು ಪಂಪ್‌ಸೆಟ್ ಬಿಟ್ಟು ಮನೆಗೆ ವಾಪಸಾಗಿದ್ದಾರೆ. "ಮೀನು ಮಾತಾಡ್ಸ್ಕಂಡ್ ಬತ್ತೀನಿ" ಎಂದು ಹೇಳಿ ಸ್ನಾನಕ್ಕೆ ಹೋಗುತ್ತಾರೆ. ನಾನು ಮಾತಾಡಿಸುವುದಿಲ್ಲ. ಅದು ಅಂಟಿಕೊಂಡಿರುವುದು ಸರಿಯಾಗಿ ತೂತಿನ ಪಕ್ಕದಲ್ಲಿ, ಮೂತಿಯನ್ನು ಅತ್ತ ಮಾಡಿಕೊಂಡು. ದಿನಾ ಬೆಳಗ್ಗೆ ಮೊದಲ ಚೊಂಬು ಸುರಿದುಕೊಳ್ಳುವಾಗ, ನೀರು ಹೋಗುವುದು ಇಲ್ಲಿಂದ ಕಣಮ್ಮ ಎಂದು ನನಗೇ ತೋರಿಸುತ್ತಿರುತ್ತದೆ!